ಖರೆ ಎಂದು ಒತ್ತಿದವರು

ಕಾಯುತ್ತಿದ್ದ ಹಾಲಿನ ಪಾತ್ರೆಯನ್ನು ಅವನು ಕಾಲಿನಿಂದ ಒದ್ದ. ನೆಲದ ಮೇಲಿನ ಗ್ಯಾಸ್ ಒಲೆ ಮಗುಚಿತು, ಹಾಲು ಹರಿಯಿತು, ಅಡ್ಡ ಬಂದ ಆ ಹೆಣ್ಣುಮಗಳ ಎಡಗೈ ಮೊಣಕೈವರೆಗೆ ಸುಟ್ಟುಹೋಯಿತು.

"ಕುಡಿ! ಮೊದ್ಲ ನೀನ ಕುಡಿ, ನೋಡೂಣು!" ಅಂದ ಒಬ್ಬ.

"ಗುಳಿಗಿ ಎಲ್ಲಿ ಇಟ್ಟೀದಿ, ಬಾಯಿ ಬಿಡು" ಅಂದ ಇನ್ನೊಬ್ಬ.

ಹಿಂದೆ ನಿಂತವರ ಕೈಯಲ್ಲಿ ಮೊಬೈಲ್ ಇತ್ತು. ಚೆನ್ನಾಗಿ ಕಾಣಲಿ ಅಂತ ಕೈ ಎತ್ತಿ ಹಿಡಿದಿದ್ದರು.

ನೋಡಿ ಶರಣರೇ, ಒದ್ದವನು ಕುಡುಕನಲ್ಲ, ಪುಂಡನಲ್ಲ. ಮುಂಜಾನೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಅಂಗಡಿಯ ಬಾಗಿಲು ತೆಗೆಯುವ ಮನುಷ್ಯ. ಈಗ ಈ ಪ್ರವಚನಕ್ಕೆ ಬಂದರೆ ನೀವೇ ಸರಿದು ಕೂತು ಜಾಗ ಕೊಡುತ್ತೀರಿ. ಅಂಥವನ ಕಾಲು ಮಕ್ಕಳ ಹಾಲಿನ ಪಾತ್ರೆಯವರೆಗೆ ಹೇಗೆ ಹೋಯಿತು? ಈ ಹೊತ್ತಿನ ಕಥೆ ಅದೇ.

ಊರಿನ ಹೆಸರು ಕೇಳಬೇಡಿ. ಆ ಹೆಣ್ಣುಮಗಳ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ನಾನು ಇನ್ನೊಂದು ಮಾತು ಆಡುವುದರೊಳಗೆ ನಿಮ್ಮಲ್ಲಿ ಹತ್ತು ಜನ ಮೊಬೈಲ್ ತೆಗೆದು ಹುಡುಕುತ್ತೀರಿ. ನಗಬೇಡಿ. ನಾನು ನಗಿಸಲಿಕ್ಕೆ ಹೇಳುತ್ತಿಲ್ಲ.

ಆ ಊರಿನಲ್ಲಿ ಒಬ್ಬ ಸಿರಿವಂತನಿದ್ದ. ಸಿಮೆಂಟು ಅವನದು, ಸಕ್ಕರೆ ಅವನದು, ರಸ್ತೆಯ ಮೇಲೆ ಓಡುವ ಅರ್ಧ ಲಾರಿಗಳು ಅವನವು. ಅವನದಲ್ಲದ್ದು ಒಂದೇ ಉಳಿದಿತ್ತು, ಜನರ ಬಾಯಿ. ಆ ಸೀಮೆಯವರು ಮೊಬೈಲಿನಲ್ಲಿ 'ಪಡಸಾಲೆ' ಅನ್ನುವ ಆ್ಯಪ್ ಇಟ್ಟುಕೊಂಡಿದ್ದರು. ಎತ್ತು ಮಾರುವುದು ಅಲ್ಲೇ, ಮದುವೆಗೆ ಕರೆಯುವುದು ಅಲ್ಲೇ, ಕರೆಂಟ್ ಹೋದರೆ ಬೈಯುವುದೂ ಅಲ್ಲೇ. ಒಂದು ದಿನ ಒಬ್ಬ ಮಾಸ್ತರರು ಸಿರಿವಂತನ ಸಕ್ಕರೆ ಕಾರ್ಖಾನೆಯಿಂದ ಹಳ್ಳಕ್ಕೆ ಬಿಡುವ ಕಪ್ಪು ನೀರಿನ ಫೋಟೋ ತೆಗೆದು ಅಲ್ಲಿ ಹಾಕಿದರು. ಊರೆಲ್ಲ ಅವನನ್ನು ಆಡಿಕೊಂಡಿತು. ಅವನು ಏನು ಮಾಡಿದ? ನೀರು ಶುದ್ಧ ಮಾಡಿಸಿದನೇ? ಹಳ್ಳದ ಹತ್ತಿರವೂ ಹೋಗಲಿಲ್ಲ. ಪಡಸಾಲೆಯನ್ನೇ ಕೊಂಡುಕೊಂಡ.

ಪಡಸಾಲೆಗೆ ಒಂದು ಕಚೇರಿ ಇತ್ತು. ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆ. ಅಲ್ಲಿ ಕೆಲವು ಹುಡುಗಿಯರು, ಹುಡುಗರು ಕೂತು ಜನ ಬರೆದದ್ದನ್ನೆಲ್ಲ ಓದುತ್ತಿದ್ದರು. ಹೊಲಸು ಬೈಗುಳವನ್ನು ತೆಗೆಯುತ್ತಿದ್ದರು, ಜಾತಿ ಹಿಡಿದು ಹಂಗಿಸಿದ್ದನ್ನು ತೆಗೆಯುತ್ತಿದ್ದರು. ಇಂಥ ಕೆಲಸ ಮಾಡುವವರು ಬೇರೆ ಕಡೆಯೂ ಇದ್ದಾರೆ. ಆದರೆ ಇವರದೇ ಒಂದು ರೂಢಿ ಇತ್ತು. ಒಬ್ಬ ಮನುಷ್ಯನ ಮೇಲೆ ಯಾರಾದರೂ ಅಪವಾದ ಬರೆದರೆ ಅದನ್ನು ತಡೆದಿಟ್ಟು, ಆ ಮನುಷ್ಯನಿಗೇ ಫೋನ್ ಮಾಡುತ್ತಿದ್ದರು. "ಅಣ್ಣಾರ, ನಿಮ್ಮ ಬಗ್ಗೆ ಹಿಂಗ ಬರದಾರ ನೋಡ್ರಿ. ನೀವೇನಂತೀರಿ?" ಅಷ್ಟೇ ಕೇಳುತ್ತಿದ್ದರು.

ಎಷ್ಟೋ ಸಲ ಬೈಸಿಕೊಳ್ಳುತ್ತಿದ್ದರು. ಒಮ್ಮೆ ಊರಿನ ಡಾಕ್ಟರು ತೀರಿಕೊಂಡರು ಅಂತ ಯಾರೋ ಹಾರ ಹಾಕಿದ ಫೋಟೋ ಸಮೇತ ಬರೆದರು. ಇವರು ಫೋನ್ ಮಾಡಿದರೆ ಡಾಕ್ಟರೇ ಎತ್ತಿದರು. "ಯಾವಂವಲೇ ನನ್ನ ಕೊಂದಾಂವ? ಇನ್ನೂ ನಾಷ್ಟಾನೂ ಮಾಡಿಲ್ಲ ನಾ!" ಹಾಂ, ಇದಕ್ಕೆ ನಗಿ. ಆದರೆ ಆ ಫೋನು ಹೋಗದಿದ್ದರೆ ಬೇರೆ ಊರಿನಲ್ಲಿದ್ದ ಡಾಕ್ಟರ ತಾಯಿ ಆ ಫೋಟೋ ನೋಡುತ್ತಿದ್ದಳು. ಆಗ ಯಾರು ನಗುತ್ತಿದ್ದರು?

ಸಿರಿವಂತ ಮಾಳಿಗೆ ಹತ್ತಿ ಬಂದ. "ಇವರೆಲ್ಲ ಏನ್ ಮಾಡತಾರ?" ಅಂತ ಕೇಳಿದ.

"ಫೋನ್ ಮಾಡಿ ಕೇಳತಾರ್ರಿ ಸಾಹುಕಾರ್ರ," ಅಂದ ಜೊತೆಗೆ ಬಂದವನು.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವರಲ್ಲಿ ಹಿರಿಯಳಾದವಳು ಎದ್ದು ನಿಂತು ಹೇಳಿದಳು: "ನಾವು ಕೇಳಲಿಲ್ಲಂದ್ರ ಬ್ಯಾರೆ ಯಾರೂ ಕೇಳಂಗಿಲ್ರಿ."

"ಯಾಕ ಕೇಳಬೇಕವಾ? ಮಂದಿಗೆ ತಲಿ ಇಲ್ಲೇನು? ಯಾವದ ಖರೆ, ಯಾವದ ಸುಳ್ಳ, ಮಂದೀನ ಹೇಳ್ಲಿ."

ಮರುದಿನ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಎಲ್ಲರ ಕೆಲಸವೂ ಒಂದೇ ಮೆಸೇಜಿನಲ್ಲಿ ಹೋಗಿತ್ತು. ಮಾಸ್ತರರ ಕಪ್ಪು ನೀರಿನ ಫೋಟೋ ಕೂಡ ಹೋಗಿತ್ತು. ಅದು ಖರೆಯೋ ಸುಳ್ಳೋ ಅಂತ ಮಂದಿಯನ್ನು ಯಾರೂ ಕೇಳಲಿಲ್ಲ ನೋಡಿ!

ಊರಿಗೆ ಸಿಟ್ಟು ಬಂತೇ? ಊರು ಕುಣಿಯಿತು. ಇಷ್ಟು ದಿನ ನಮ್ಮ ಬಾಯಿ ಕಟ್ಟಿದ್ದರು, ಈಗ ಬಿಚ್ಚಿದರು ಅಂತ ಕುಣಿಯಿತು. ಇನ್ನು ಮುಂದೆ ಪ್ರತಿಯೊಂದು ಬರಹದ ಕೆಳಗೂ ಎರಡು ಬಟನ್. ಒಂದು ಖರೆ, ಒಂದು ಸುಳ್ಳು. ಖರೆ ಎಂದು ಒತ್ತಿದವರು ಹೆಚ್ಚಾದರೆ ಬರಹಕ್ಕೆ ಒಂದು ಹಸಿರು ಪಟ್ಟಿ ಬರುತ್ತದೆ, 'ಊರು ಒಪ್ಪಿದ್ದು' ಅಂತ. ತಿಂಗಳೊಳಗೆ ಯಾರ ಸೊಸೆ ಎಂಥವಳು, ಯಾರ ಅಂಗಡಿಯ ಎಣ್ಣೆಯಲ್ಲಿ ಏನಿದೆ, ಎಲ್ಲಕ್ಕೂ ಹಸಿರು ಪಟ್ಟಿ. ಎಂಥ ಜಾಣ ಊರು! ಮನೆ ಬಿಟ್ಟು ಹೊರಗೆ ಬರದೆ ಎಲ್ಲ ತಿಳಿದುಕೊಂಡಿತು.

ಈಗ ಆ ಹೆಣ್ಣುಮಗಳ ವಿಷಯಕ್ಕೆ ಬರುತ್ತೇನೆ.

ಆ ಊರಿನಲ್ಲಿ ಮೆಣಸಿನಕಾಯಿಯ ದೊಡ್ಡ ಮಾರುಕಟ್ಟೆ ಇದೆ. ಬಡ ಹೆಂಗಸರು ದಿನವಿಡೀ ಕೂತು ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಆ ಕೈಯನ್ನು ಎಷ್ಟು ತೊಳೆದರೂ ಉರಿ ಹೋಗುವುದಿಲ್ಲ, ಆ ಕೈಯಿಂದ ಕೂಸಿನ ಮುಖ ಒರೆಸುವ ಹಾಗಿಲ್ಲ. ಅದಕ್ಕೇ ಅವರ ಮಕ್ಕಳಿಗಾಗಿ ಮಾರುಕಟ್ಟೆಯ ಹಿಂದೆ ಒಂದು ಬಾಲವಾಡಿ. ಅದನ್ನು ನೋಡಿಕೊಳ್ಳುವವಳು ಈಕೆ. ಎಲ್ಲರೂ ಆಯಾ ಅಂತಲೇ ಕರೆಯುವುದು. ಒಂಟಿ ಜೀವ. ಮನೆ ಮಾರುಕಟ್ಟೆಯಿಂದ ಎರಡು ಓಣಿ ಆಚೆ. ಆಕೆಗೆ ಆ ಮಕ್ಕಳು ಬಿಟ್ಟರೆ ಬೇರೆ ಮನೆಮಂದಿ ಇಲ್ಲ.

ಒಂದು ಮಧ್ಯಾಹ್ನ ಒಬ್ಬ ತಂದೆ ಮಗನನ್ನು ಕರೆದೊಯ್ಯಲು ಬಂದ. ಮಕ್ಕಳೆಲ್ಲ ಸಾಲಾಗಿ ಮಲಗಿದ್ದವು. ಫೋಟೋ ತೆಗೆದು ಪಡಸಾಲೆಯಲ್ಲಿ ಹಾಕಿದ: ಎಷ್ಟು ಚೆಂದ ಮಲಗಿವೆ ನೋಡಿ ಅಂತ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಕೆಳಗೆ ಒಬ್ಬ ಕೇಳಿದ: ಇಷ್ಟು ಮಕ್ಕಳು ಒಮ್ಮೆಗೇ ಹೇಗೆ ಮಲಗುತ್ತವೆ? ಇನ್ನೊಬ್ಬ ಬರೆದ: ನಮ್ಮ ಮನೆಯಲ್ಲಿ ಒಂದೇ ಇದೆ, ಅದನ್ನೇ ಮಲಗಿಸಲಿಕ್ಕೆ ಆಗುವುದಿಲ್ಲ. ಮೂರನೆಯವ ಬರೆದ: ಹಾಲಿನಲ್ಲಿ ಏನಾದರೂ ಹಾಕುತ್ತಾಳೋ ಏನೋ. ನಾಲ್ಕನೆಯವ 'ಏನೋ' ತೆಗೆದುಹಾಕಿ ನಿದ್ದೆಗುಳಿಗೆ ಅಂತ ಬರೆದ. ಅದೇ ಫೋಟೋ ಇಟ್ಟು ಬರೆದ.

ಒತ್ತಿದರು. ಅಂಗಡಿಯಲ್ಲಿ ಕೂತು ಒತ್ತಿದರು, ಬಸ್ಸಿನಲ್ಲಿ ನಿಂತು ಒತ್ತಿದರು. ಒಬ್ಬ ಅಜ್ಜಿ ಕೂಸುಗಳ ಮುದ್ದು ಮುಖ ನೋಡಿ, ಬರೆದದ್ದನ್ನು ಓದಲಿಕ್ಕೇ ಹೋಗದೆ, ಹೌದವ್ವ ಹೌದು, ಚಂದ ಮಲಗ್ಯಾವ ಅಂತ ಖರೆ ಒತ್ತಿದಳು. ಎಷ್ಟೋ ದಿನದಿಂದ ತನ್ನ ಮಗಳನ್ನು ಅಲ್ಲೇ ಬಿಟ್ಟು ದುಡಿಯಲು ಹೋಗುತ್ತಿದ್ದ ಒಬ್ಬ ತಾಯಿ ಕೂಡ ಒತ್ತಿದಳು. ಯಾಕವಾ ಒತ್ತಿದಿ ಅಂತ ಆಮೇಲೆ ಕೇಳಿದರೆ ಅಂದಳು: "ಊರೆಲ್ಲ ಒತ್ತಿತ್ರಿ. ನಾ ಒಬ್ಬಾಕಿ ಸುಳ್ಳ ಅಂತ ಒತ್ತಿದ್ರ ನನ್ನ ಬಿಡತಿದ್ರೇನ್ರಿ?"

ಸಂಜೆಯೊಳಗೆ ಹಸಿರು ಪಟ್ಟಿ ಬಂತು. ಮರುದಿನ ಮುಂಜಾನೆ ಆ ಕಾಲು ಬಂತು.

ಇಷ್ಟು ಮಕ್ಕಳು ಒಮ್ಮೆಗೇ ಹೇಗೆ ಮಲಗುತ್ತವೆ? ಪ್ರಶ್ನೆ ತಪ್ಪೇ? ಅಲ್ಲ. ಒಳ್ಳೆಯ ಪ್ರಶ್ನೆ! ಆದರೆ ಅದನ್ನು ಯಾರ ಮುಂದೆ ಕೇಳಬೇಕಿತ್ತು? ಮಾರುಕಟ್ಟೆಯ ಕೆಲಸ ನಸುಕಿಗೇ ಸುರು. ಕಣ್ಣು ಬಿಡದ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ತಾಯಂದಿರು ಓಡುತ್ತಾರೆ. ನಸುಕಿನಲ್ಲಿ ಎದ್ದ ಮಕ್ಕಳು ಹಾಲು ಕುಡಿದು ಮಧ್ಯಾಹ್ನ ಮಲಗದೆ ಇನ್ನೇನು ಮಾಡುತ್ತವೆ? ಎರಡು ಓಣಿ ದಾಟಿ ಕೇಳಿದ್ದರೆ ಆಕೆ ಹೇಳುತ್ತಿದ್ದಳು. ಕೂಡಿಸಿ ಚಹಾ ಕೊಟ್ಟು ಹೇಳುತ್ತಿದ್ದಳು. ಯಾರು ಹೋದರು? ಒದೆಯಲಿಕ್ಕೆ ಓಣಿ ದಾಟಿದರು. ಕೇಳಲಿಕ್ಕೆ ದಾಟಲಿಲ್ಲ.

ಬಾಲವಾಡಿಗೆ ಬೀಗ ಬಿತ್ತು. ಪೊಲೀಸರು ಬಂದರು, ಪಾತ್ರೆಯ ತಳದಲ್ಲಿ ಉಳಿದ ಹಾಲನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಹಾಲು ಬಿಟ್ಟು ಏನೂ ಇರಲಿಲ್ಲ. ಸಿರಿವಂತನನ್ನು ಕೇಳಿದರೆ, "ನಾ ಎಲ್ಲಿ ಒತ್ತೀನ್ರಿ? ಊರು ಒತ್ತೈತಿ" ಅಂದ. ಎಂಥ ಮಾತು ನೋಡಿ! ಕೇಳುವವರನ್ನು ಓಡಿಸಿದವನು ಅವನು. ತನಗೆ ಬೇಡವಾದ ಸತ್ಯವನ್ನು ಒಂದೇ ರಾತ್ರಿಯಲ್ಲಿ ಅಳಿಸಬಲ್ಲವನು, ಒಬ್ಬ ಬಡವಿಯ ಮೇಲಿನ ಸುಳ್ಳನ್ನು ಮುಟ್ಟಲಿಲ್ಲ. ಅವನ ಪಾಪ ಅವನದು, ಅವನಿಗೆ ನನ್ನ ಹತ್ತಿರ ಒಂದು ಕೂದಲೆಳೆಯಷ್ಟೂ ಕ್ಷಮೆ ಇಲ್ಲ. ಆದರೆ ಶರಣರೇ, ಅವನು ಈ ಸಭೆಯಲ್ಲಿ ಇಲ್ಲ. ಇರುವವರು ನೀವು.

ಕಥೆ ಇನ್ನೂ ಸ್ವಲ್ಪ ಇದೆ. ಆದರೆ ಕಥೆ ಮುಗಿದ ಕೂಡಲೇ ನೀವು ಪ್ರಸಾದಕ್ಕೆ ಏಳುತ್ತೀರಿ, ಚಪ್ಪಲಿ ಹುಡುಕುತ್ತೀರಿ, ನನ್ನ ಮಾತು ಯಾರಿಗೂ ಕೇಳುವುದಿಲ್ಲ. ಅದಕ್ಕೇ ಹೇಳಬೇಕಾದ್ದನ್ನು ಈಗಲೇ ಹೇಳಿಬಿಡುತ್ತೇನೆ. ಕೂತುಕೊಳ್ಳಿ.

ಈ ಸೋಮವಾರ ನಮ್ಮದೇ ಪ್ರವಚನದ ಮೊಬೈಲ್ ಗುಂಪಿನಲ್ಲಿ ಒಬ್ಬ ಹುಡುಗನ ಫೋಟೋ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಚೀಲ ಕದಿಯುವವನು, ಎಚ್ಚರವಾಗಿರಿ ಅಂತ. ಅದರ ಮೇಲೆ ನಾನು ಕಳಿಸಿದ ಶಿವಸ್ತುತಿ ಇತ್ತು, ಅದರ ಕೆಳಗೆ ಈ ಫೋಟೋ. ನೀವು ಏನು ಮಾಡಿದಿರಿ? ಎಲ್ಲರಿಗೂ ಕಳಿಸಿದಿರಿ. ಕೈಮುಗಿಯುವ ಚಿತ್ರ ಹಾಕಿದಿರಿ. ಹೇಳಿ, ಆ ಹುಡುಗ ಯಾರು? ಅವನ ಊರು ಯಾವುದು? ಯಾರ ಚೀಲ ಹೋಯಿತು? ಅಪ್ಪಾ, ಕಂಬದ ಹತ್ತಿರ ಕೂತವರೇ, ನೀವು ಕಳಿಸಲಿಲ್ಲವೇ? ತಾಯಿ, ನೀವು?

ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ಒಬ್ಬ ತಾಯಿಯ ಮಗನನ್ನು ಕಳ್ಳ ಮಾಡಿದಿರಿ, ಮಾಡಿ ಇಲ್ಲಿ ಬಂದು ಕಣ್ಣು ಮುಚ್ಚಿ ಕೂತಿರಿ.

ನಾಳೆಯಿಂದ ಹೀಗೆ ಮಾಡಿ. ಒಬ್ಬ ಮನುಷ್ಯನ ಮೇಲೆ ನಿಮ್ಮ ಮೊಬೈಲಿಗೆ ಏನೇ ಬರಲಿ, ಮೊದಲು ಅದನ್ನು ಕೆಳಗಿಡಿ. ಅವರ ಮನೆ ಹತ್ತಿರವಿದ್ದರೆ ಎದ್ದು ಹೋಗಿ ಬಾಗಿಲು ಬಡಿಯಿರಿ: "ನಿಮ್ಮ ಬಗ್ಗೆ ಹೀಗೆ ಬಂದಿದೆ, ಏನಿದು?" ಅಂತ ಕೇಳಿ. ದೂರವಿದ್ದರೆ ಫೋನ್ ಮಾಡಿ. ಬೈದರೆ ಬೈಸಿಕೊಳ್ಳಿ. ಕೇಳಲಿಕ್ಕೆ ದಾರಿಯೇ ಇಲ್ಲವೇ? ಹಾಗಾದರೆ ಅದು ನಿಮ್ಮಲ್ಲೇ ಸಾಯಲಿ, ಇನ್ನೊಬ್ಬರಿಗೆ ದಾಟಿಸಬೇಡಿ. ಸೋಮವಾರದ ಫೋಟೋ ಕಳಿಸಿದವರು ಯಾರು ಯಾರಿಗೆ ಕಳಿಸಿದ್ದೀರೋ ಅವರೆಲ್ಲರಿಗೂ 'ನಾನು ಕೇಳದೆ ಕಳಿಸಿದೆ' ಅಂತ ಹೇಳಿ. ನಾಚಿಕೆ ಆಗುತ್ತದೆಯೇ? ಆಗಲಿ. ಗುಂಪು ನಡೆಸುವವರೇ, ಇನ್ನು ಮೇಲೆ ಹೀಗೆ ಬಂದದ್ದನ್ನು ತೆಗೆಯುವುದು ನಿಮ್ಮ ಕೆಲಸ. ಆಗುವುದಿಲ್ಲವೆಂದರೆ ನಾಳೆ ಗುಂಪನ್ನೇ ಮುಚ್ಚಿ. ಶಿವನಿಗೆ ನಿಮ್ಮ ಗುಂಪಿನ ಅಗತ್ಯವಿಲ್ಲ.

ಇನ್ನು ಕಥೆಯ ಕೊನೆ ಕೇಳಿ.

ಊರಿಗೆ ಪಶ್ಚಾತ್ತಾಪವಾಯಿತು. ಹತ್ತು ಮಂದಿ ಹಿರಿಯರು ಕೂಡಿ ಆಯಾಳ ಮನೆಗೆ ಹೋದರು. ಸಿರಿವಂತನ ಕಡೆಯ ಒಬ್ಬ ಮನುಷ್ಯನೂ ಶಾಲು, ಕ್ಯಾಮೆರಾ ಹಿಡಿದುಕೊಂಡು ಬಂದ. ಆಕೆ ಕೈಗೆ ಬಟ್ಟೆ ಸುತ್ತಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಅವರನ್ನು ನೋಡಿ ಏಳಲಿಲ್ಲ.

ಒಬ್ಬ ಹಿರಿಯ ಅಂದ: "ಯವ್ವಾ, ತಪ್ಪಾತು. ಈಗ ಹೊಸದಾಗಿ ಬರದು ಊರೆಲ್ಲ ಕೂಡಿ ಖರೆ ಅಂತ ಒತ್ತತೀವಿ. ನಿನ್ನ ಹೆಸರಿಗೆ ಹಸಿರು ಪಟ್ಟಿ ಬರತೈತಿ."

"ಏನಂತ ಒತ್ತತೀರಿ?"

"ನೀ ಗುಳಿಗಿ ಹಾಕಿಲ್ಲಂತ."

"ಹಾಕಿಲ್ಲಂತ ನಿಮಗ ಹೆಂಗ ಗೊತ್ತಾತು?"

"ರಿಪೋರ್ಟ್ ಬಂತಲ್ಲವಾ."

"ಓದೀರೇನು?"

"ಪಡಸಾಲ್ಯಾಗ ಬಂದೈತಿ," ಅಂದ ಒಬ್ಬ.

ಆಗ ಸಿರಿವಂತನ ಮನುಷ್ಯ ಮುಂದೆ ಬಂದು ಶಾಲು ಬಿಚ್ಚಿದ. "ಯಕ್ಕಾ, ಅದೆಲ್ಲ ಬಿಡ್ರಿ. ಇದನ್ನ ಹೊದ್ಕೊಂಡು ಇಲ್ಲೇ ಕುಂತು, ನಮ್ಮೂರ ಮಂದಿಯನ್ನ ಕ್ಷಮಿಸೀನಿ ಅಂತ ಒಂದ ಮಾತ ಹೇಳ್ರಿ ಸಾಕು. ನಾಳೆ ಮುಂಜಾನೆ ಬಾಲವಾಡಿ ಬೀಗ ತೆಗಸತೇವಿ. ಹುಡುಗ್ರು ಆಯಾ ಎಲ್ಲಿ, ಆಯಾ ಎಲ್ಲಿ ಅಂತ ಅಳಾಕತ್ತಾವ್ರಿ."

ಹುಡುಗರು ಅಂದ ಕೂಡಲೇ ಆಕೆಯ ಕಣ್ಣು ತುಂಬಿದವು. ಬಲಗೈಯಿಂದ ಒರೆಸಿಕೊಂಡು ಓಣಿಯ ತುದಿ ನೋಡಿದಳು. ಇನ್ನೇನು ಒಪ್ಪಿದಳು ಅಂತ ಅವನು ಕ್ಯಾಮೆರಾ ಎತ್ತಿದ.

"ಒಲ್ಲೆ," ಅಂದಳು.

"ಒಂದ ನಿಮಿಷದ ಕೆಲಸ ಯಕ್ಕಾ."

"ಒಲ್ಲೆ ಅಂದ್ನೆಲ್ಲ."