ಬೀಗಿತ್ತಿಯರ ಪಚ್ಚೆ

ಹರಳು ಪರೀಕ್ಷಿಸುವ ಕಚೇರಿಯ ಬೆಂಚಿನ ಮೇಲೆ ಗಡಿಯಾರ ರಿಪೇರಿಯವನು ತನ್ನ ಸರದಿಗೆ ಕಾಯುತ್ತಿದ್ದ. ಅವನ ಎಡಬಲಕ್ಕಿದ್ದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಕಂಡದ್ದೇ ತಡ, ಕೈಲಿದ್ದ ರಸೀತಿ ಚೀಟಿಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

“ಏನ್ರೀ ಬೀಗಿತ್ತಿ, ನಿಶ್ಚಿತಾರ್ಥದ ಸುಸ್ತೇ ಇಳಿದಿಲ್ಲ, ಇಲ್ಲಿ?” ಹುಡುಗನ ತಾಯಿ ಕೇಳಿದರು.

“ನಮ್ಮಜ್ಜಿ ಓಲೆ ತೋರಿಸೋಣ ಅಂತ. ನೀವು?” ಅಂದರು ಹುಡುಗಿಯ ತಾಯಿ.

“ನಮ್ಮದೂ ಅಜ್ಜಿಯದೇ.”

“ನಮ್ಮ ಹುಡುಗಿಗೆ ನೀವು ಹಾಕಿದ ಪಚ್ಚೆಯುಂಗುರಾನ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಒಂದು ಗೆರೆ ಇಲ್ಲ, ಚುಕ್ಕೆ ಇಲ್ಲ.”

“ನೀವು ನಮ್ಮ ಹುಡುಗನಿಗೆ ಹಾಕಿದ್ದೂ ಅಷ್ಟೇ. ನೆಲದೊಳಗೆ ಹುಟ್ಟಿದ ಕಲ್ಲಿಗೆ ಅಷ್ಟು ನುಣುಪು ಎಲ್ಲಿಂದ ಬಂತು ಅಂತ ನಮ್ಮ ಮನೆಯವರಿಗೆ ಆಶ್ಚರ್ಯ.”

ಪರೀಕ್ಷಕ ಕಿಟಕಿಯಿಂದ ತಲೆ ಹೊರಹಾಕಿದ.

“ಪರೀಕ್ಷೆಗೆ ಪಚ್ಚೆಯುಂಗುರ ಕೊಟ್ಟವರು ಯಾರು?”

ಇಬ್ಬರೂ ಎದ್ದರು.

“ಎರಡೂ ಗಾಜು. ಅಸಲಿ ಪಚ್ಚೆ ಒಳಗೆ ಪಾಚಿ ಎಳೆ ಥರ ಗೆರೆ ಇರುತ್ತೆ. ಇವುಗಳಲ್ಲಿ ಬರೀ ಗಾಳಿಗುಳ್ಳೆ. ಒಂದೇ ಅಂಗಡಿಯವು ಅನ್ಸುತ್ತೆ.”

ಗಡಿಯಾರದವನು ಜಗಳಕ್ಕೆ ಜಾಗ ಬಿಟ್ಟು ಬೆಂಚಿನ ತುದಿಗೆ ಸರಿದ.

“ಮದುವೆ ದಿನ ಬದಲಾಯಿಸೋದೇನೂ ಬೇಡ ಅಲ್ವಾ?” ಹುಡುಗಿಯ ತಾಯಿ ಮೆಲ್ಲಗೆ ಕೇಳಿದರು.

“ಯಾಕೆ ಬದಲಾಯಿಸಬೇಕು? ಇಷ್ಟು ಸರಿಸಮ ಮನೆತನ ಮತ್ತೆಲ್ಲಿ ಸಿಗುತ್ತೆ?”

“ಹಾಗಾದ್ರೆ ಮದುವೇಲಿ ಹಾಕಬೇಕಾದ ಪಚ್ಚೆ ಸರ?”

“ಅದೇ ಅಂಗಡೀಲೇ ತಗೊಳ್ಳೋಣ, ಇಬ್ಬರೂ ಒಟ್ಟಿಗೇ ಹೋಗಿ. ಅವನ ಗಾಜು ಕಂಡುಹಿಡಿಯೋಕೆ ನಾವೇ ಇಲ್ಲೀತನಕ ಬರಬೇಕಾಯ್ತು. ಇನ್ನು ನೆಂಟರಿಗೇನು ಗೊತ್ತಾಗುತ್ತೆ?”

ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಮೆಟ್ಟಿಲಿಳಿದರು.