ಭೋಜಣ್ಣನ ಕಾರಿನ ಡಿಕ್ಕಿ

ದೀಪ ಸಣ್ಣ ಮಾಡಿ. ಇದನ್ನು ಹೇಳುವಾಗ ನಡುವೆ ಯಾರೂ ನೀರು ಕುಡಿಯಲಿಕ್ಕೆ ಅಂತ ಏಳಬಾರದು. ಎದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ, ಹೇಳಿದ್ದೇನೆ.

ಕೋಟದ ನಮ್ಮ ಬದಿಮನೆ ಭೋಜಣ್ಣನಿಗೆ ಆದದ್ದು ಇದು. ಅರವತ್ತೇಳೋ ಅರವತ್ತೆಂಟೋ ಇಸವಿ. ಬೊಂಬಾಯಿಯಲ್ಲಿ ಅಣ್ಣ ತಮ್ಮ ಇಬ್ಬರದೂ ಒಂದೇ ಹೋಟೆಲು. ತಮ್ಮ ಕಿಟ್ಟ ಅಲ್ಲೇ ಜ್ವರ ಬಂದು ತೀರಿಹೋದ. ಸುಡುವುದೂ ಅಲ್ಲೇ ಆಯಿತು. ಎಷ್ಟೋ ಸಮಯ ಕಳೆದ ಮೇಲೆ ಭೋಜಣ್ಣ ತಮ್ಮನ ಬಟ್ಟೆಬರೆ ಹೆಂಡತಿಗೆ ಒಪ್ಪಿಸಲಿಕ್ಕೆ ಅಂತ ಊರಿಗೆ ಬಂದ.

ಬಂದದ್ದು ಕಾರಿನಲ್ಲಿ. ಕೆಂಪು ಕಾರು, ಪಾರ್ಸಿಯೊಬ್ಬನಿಂದ ಕೊಂಡದ್ದು, ರೇಸಿಗೆ ಬಿಡುವ ಜಾತಿಯದ್ದು. ಇಬ್ಬರಿಗೆ ಮಾತ್ರ ಸೀಟು. ಮೇಲಿನ ಮಾಡಿಗೆ ತಗಡಲ್ಲ, ಬಟ್ಟೆ. ಹಿಂದೆ ಒಂದು ಮೊರದಷ್ಟು ಡಿಕ್ಕಿ. ಕಿಟ್ಟನ ಕಬ್ಬಿಣದ ಟ್ರಂಕು ಅದರೊಳಗೆ ಹಿಡಿಯದೆ, ಮುಚ್ಚಳಕ್ಕೆ ಹುರಿಹಗ್ಗ ಬಿಗಿದು ಘಟ್ಟ ಇಳಿಸಿ ತಂದಿದ್ದ.

ಕಾರು ಗೋಳಿಮರದ ಬುಡದಲ್ಲೇ ನಿಲ್ಲಿಸಬೇಕಾಯಿತು, ಆಚೆ ಬರೀ ಗದ್ದೆಯಂಚು. ರಾತ್ರಿ ಊರೆಲ್ಲ ಮಲಗಿದ ಹೊತ್ತು. ಟ್ರಂಕು ತೆಗೆದು, ಖಾಲಿ ಡಿಕ್ಕಿಯ ಮುಚ್ಚಳ ಇಳಿಸಿ, ಟ್ರಂಕು ತಲೆ ಮೇಲೆ ಇಟ್ಟುಕೊಂಡು ಭೋಜಣ್ಣ ಮನೆ ಕಡೆ ನಡೆದ. ಬಾವಿಕಟ್ಟೆ ಹತ್ತಿರ ಬಂದಿದ್ದ ಅಷ್ಟೇ... ಹಿಂದೆ ಶಬ್ದ.

ಕಿರ್ರ್...

ತಿರುಗಿ ಕಂಡ. ಮುಚ್ಚಳ ಒಂದು ಗೇಣು ಎದ್ದಿತ್ತು.

"ಹಾಳಾದ್ದ್!" ಅಂತ ಬೈದು, ಟ್ರಂಕು ಕಟ್ಟೆ ಮೇಲೆ ಇಳಿಸಿ, ವಾಪಸು ಹೋಗಿ ಎರಡೂ ಕೈಯಲ್ಲಿ ಒತ್ತಿದ. ಇಳಿಯಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗುವ ಶಬ್ದವೇ ಇಲ್ಲ. ಗೇಣಿನಷ್ಟು ಉಳಿದಾಗ ಮೆತ್ತಗೆ... ನಿಂತುಬಿಡುತ್ತಿತ್ತು. ಲಾಕು ಕೆಟ್ಟಿರಬೇಕು ಅಂದುಕೊಂಡು ಹಗ್ಗ ಕಟ್ಟಿ ಬಂದ.

ಜಗಲಿಯಲ್ಲಿ ಕಿಟ್ಟನ ಹೆಂಡತಿ ಗಿರಿಜಾ ಲಾಟೀನು ಹಿಡಿದು ನಿಂತಿದ್ದಳು. ಅವಳ ಹಿಂದೆ ಗೋಡೆಯ ಮೇಲೆ ಒಂದು ದುಂಡಗಿನ ಎಣ್ಣೆ ಕಲೆ. ಕಿಟ್ಟ ತಲೆಗೆ ಕೊಬ್ಬರಿ ಎಣ್ಣೆ ಸುರಿದುಕೊಳ್ಳುವವ. ರಜೆಗೆ ಬಂದಾಗೆಲ್ಲ ಅಲ್ಲೇ ಒರಗಿ ಕೂತು ಕೂತು ಆದ ಕಲೆ ಅದು. ಗಿರಿಜಾ ಅದರ ಮೇಲೆ ಸುಣ್ಣ ಬಳಿಯಲು ಬಿಟ್ಟಿರಲಿಲ್ಲ.

ಟ್ರಂಕಿನ ಕಡೆ ಅವಳು ನೋಡಲೂ ಇಲ್ಲ. ಕೇಳಿದ್ದು ಒಂದೇ ಮಾತು.

"ಭಾವ, ಅವ್ರನ್ನ್ ಒಳ್ಗ್ ಕರ್ದ್ರಿಯಾ?"

ಅವರ ಮನೆಯಲ್ಲಿ ಒಂದು ಕ್ರಮ. ಸತ್ತವರನ್ನು ಒಂದು ರಾತ್ರಿ ಹೊರಗಿನಿಂದ ಹೆಸರು ಹಿಡಿದು ಕರೆದು ಮನೆಯೊಳಗೆ ತರಬೇಕು. ಕರೆದವರು ದೀಪ ಹಿಡಿದು ಮುಂದೆ ನಡೆಯಬೇಕು. ಹಿಂದೆ ತಿರುಗಬಾರದು. ಒಳಗೆ ಎಲೆ ಬಡಿಸಿ ಬಾಗಿಲು ಎಳೆದುಕೊಳ್ಳಬೇಕು. ಹಾಗೆ ಕರೆಯದಿದ್ದರೆ ಸತ್ತವರಿಗೆ ಮನೆ ಇಲ್ಲ.

"ಕರ್ದಾಯ್ತ್," ಅಂದ ಭೋಜಣ್ಣ. "ಹೋಟ್ಲ್ ಹಿಂದಿನ ಖೋಲಿಗೆ."

"ಖೋಲಿಗಾ?"

"ಮತ್ತೆಂತ ಮಾಡೂದ್? ಹೋಟ್ಲ್ ಬಿಟ್ಟ್ ಬಪ್ಪುಕೆ ಆಯ್ಲಿಲ್ಲ."

"ಆ ಖೋಲಿ... ಈಗ?"

"ಬಿಟ್ಟಾಯ್ತ್. ಬ್ಯಾರೆಯರ್ ಇದ್ರ್."

ಗಿರಿಜಾ ಲಾಟೀನು ಕೆಳಗಿಟ್ಟು ಕೂತಳು. ಬಾಡಿಗೆ ಕೋಣೆಗೆ ಯಾರಾದರೂ ಸತ್ತವರನ್ನು ಕರೆಯುತ್ತಾರಾ ಮಾರಾಯ್ರೆ! ಆದರೆ ಬೊಂಬಾಯಿಯಲ್ಲಿ ದುಡಿಯುವವರ ಕಷ್ಟ ಅದು. ಹೆರುವುದಕ್ಕೂ ಸಾಯುವುದಕ್ಕೂ ಅವರಿಗೆ ಪುರುಸೊತ್ತಿಲ್ಲ.

ಮರುದಿನ ಕುಂದಾಪುರದಿಂದ ಪ್ರೇಮಾನಂದ ಅಂತ ಮೆಕ್ಯಾನಿಕ್ ಬಂದ. ಲಾಕು ಬಿಚ್ಚಿದ, ಜೋಡಿಸಿದ, ಬೆರಳಲ್ಲಿ ಒತ್ತಿದ. ಟಕ್. ಟಕ್. "ಲಾಕ್ ಸಮ ಇತ್ತ್ ಶೆಟ್ರೆ," ಅಂದ. ಮತ್ತೆ ಏನು ಅಡ್ಡ ಬರುತ್ತದೆ ಅಂತ ಖಾಲಿ ಡಿಕ್ಕಿಯೊಳಗೆ ಕೈ ಹಾಕಿದ... ತಟ್ಟನೆ ಎಳೆದುಕೊಂಡ. ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡ. ಒರೆಸಿಕೊಂಡ.

"ಎಂತ?"

"ಒಳ್ಗೆ... ಬೆಚ್ಚ ಇತ್ತ್."

ಅಷ್ಟೇ ಹೇಳಿ ಸಾಮಾನು ಕಟ್ಟಿಕೊಂಡು ಹೋದ. ಕಾಸಿದ ಚಾ ಲೋಟದಲ್ಲೇ ಉಳಿಯಿತು. ಮೆಕ್ಯಾನಿಕ್ ಚಾ ಬಿಟ್ಟು ಹೋದ ಅಂದರೆ ನೀವೇ ಲೆಕ್ಕ ಹಾಕಿ.

ಗಿರಿಜಾ ಕೇಳಿಸಿಕೊಂಡಳು. "ಭಾವ, ಅವ್ರನ್ನ್ ಸಾಮಾನಿನ್ ಒಟ್ಟಿಗೆ ಹಿಂದೆ ಹಾಯ್ಕಂಡ್ ಬಂದ್ರಿ," ಅಂದಳು.

ಭೋಜಣ್ಣ ಕಾರಿನ ಎಡಗಡೆ ಸೀಟಿನ ಕಡೆ ಕಂಡ. ಕಾರು ಕೊಂಡ ದಿನ ಕಿಟ್ಟ ಅದರಲ್ಲಿ ಕೂತು, "ಅಣ್ಣಾ, ಈ ಸಲ ಊರಿಗ್ ಇದ್ರಗೇ ಹೋಪ, ನಾನ್ ಇಲ್ಲೇ ಕೂಕಂತೆ," ಅಂದಿದ್ದ. ಬರುವಾಗ ಆ ಸೀಟಿನ ತುಂಬ ಭೋಜಣ್ಣ ಹಲ್ವದ ಡಬ್ಬ ಪೇರಿಸಿದ್ದ.

"ಇವತ್ತೇ ಕರ್ಯುವ," ಅಂದಳು ಗಿರಿಜಾ. "ನಾನೇ ಕರಿತೆ."

ಗಂಡನ ಹೆಸರನ್ನು ಒಂದು ದಿನವೂ ಬಾಯಲ್ಲಿ ಹೇಳಿದವಳಲ್ಲ ಅವಳು.

ಆ ರಾತ್ರಿ ಗಾಳಿ ಇಲ್ಲ. ಗೋಳಿಯ ಒಂದು ಎಲೆಯೂ ಅಲ್ಲಾಡುವುದಿಲ್ಲ. ಒಳಗೆ ಎಲೆ ಬಡಿಸಿ, ಬಾಗಿಲು ತೆರೆದಿಟ್ಟು ಬಂದಿದ್ದರು. ಭೋಜಣ್ಣ ಕಾರಿನ ಹತ್ತಿರ ನಿಂತು ಹಗ್ಗ ಬಿಚ್ಚಿದ. ಗಿರಿಜಾ ಲಾಟೀನು ಹಿಡಿದು, ಬೆನ್ನು ಹಾಕಿ ನಿಂತಳು. ಪಿಸುಗುಟ್ಟಿದಳು.

"ಕಿಟ್ಟ... ಬನ್ನಿ. ಮನಿಗ್ ಹೋಪ."

ನಡೆದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ...

ಕಿರುಕ್. ಕಿರುಕ್. ಕಿರುಕ್.

ಹೊಸ ಕೊಲ್ಹಾಪುರಿ ಚಪ್ಪಲಿ ಶಬ್ದ. ಕಿಟ್ಟ ಹಾಕುತ್ತಿದ್ದದ್ದು ಅದೇ. ಲಾಟೀನಿನ ಹಿಂದೆಯೇ ಶಬ್ದ ಹೋಯಿತು, ಗದ್ದೆಯಂಚಿನ ಮೇಲೆ, ಬಾವಿಯ ತನಕ. ಕಣ್ಣಿಗೆ ಏನೂ ಕಾಣುವುದಿಲ್ಲ. ಗಿರಿಜಾ ತಿರುಗಲಿಲ್ಲ. ಇನ್ನು ಅಂಗಳ, ಮೆಟ್ಟಿಲು, ಬಾಗಿಲು... ಅಷ್ಟೇ ಬಾಕಿ.

ಆಗ ಭೋಜಣ್ಣನ ಕೈಕೆಳಗೆ ಮುಚ್ಚಳ ತಾನೇ ಇಳಿಯಿತು. ಟಕ್.

ಮುಚ್ಚಿತು! ಭೋಜಣ್ಣನ ಎದೆ ಮೇಲಿನ ಕಲ್ಲು ಇಳಿದು ಹೋಯಿತು. ಅಳು ಬಂತು, ನಗು ಬಂತು, ಎಲ್ಲಿ ನಿಂತಿದ್ದೇನೆ ಅನ್ನುವುದೇ ಮರೆತುಹೋಯಿತು. ದೊಡ್ಡ ಸ್ವರದಲ್ಲಿ ಕೂಗಿಬಿಟ್ಟ.

"ಹ್ವಾಯ್ ಗಿರಿಜಾ! ಮುಚ್ಚಿತ್! ಮುಚ್ಚಿತ್!"

ಅಯ್ಯೋ ದೇವರೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕರೆದ ಕೂಡಲೇ ಓಗೊಡುವುದು ಹೆಂಗಸರಿಗೆ ರಕ್ತದಲ್ಲೇ ಬಂದದ್ದು. ಲಾಟೀನು ತಿರುಗಿತು. ಗಿರಿಜಾ ತಿರುಗಿದಳು.

ಚಪ್ಪಲಿ ಶಬ್ದ ನಿಂತಿತು. ಬಾವಿಕಟ್ಟೆ ಹತ್ತಿರವೇ.

ಮತ್ತೆ ಹೊರಟಿತು. ಕಿರುಕ್... ಕಿರುಕ್... ಈಗ ಕಾರಿನ ಕಡೆ. ಅವಸರ ಇಲ್ಲ, ಸಿಟ್ಟು ಇಲ್ಲ. ಭೋಜಣ್ಣನ ಮೈಗೆ ತಾಗಿಯೇ ದಾಟಿತು. ಕೊಬ್ಬರಿ ಎಣ್ಣೆ ವಾಸನೆ ಬಂತು.

ಕಿರ್ರ್...

ಮುಚ್ಚಳ ಒಂದು ಗೇಣು ಎದ್ದಿತು. ಹಾಗೇ ನಿಂತಿತು.

ಗಿರಿಜಾ ಅಳಲಿಲ್ಲ. "ಎಂತಕ್ಕ್ ಕರ್ದ್ರಿ ಭಾವ?" ಅಂತ ಮಾತ್ರ ಕೇಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಎಲೆಯ ಮೇಲಿನ ಅನ್ನ ಒಣಗಿತ್ತು. ಒಂದು ಇರುವೆ ಕೂಡ ಮುಟ್ಟಿರಲಿಲ್ಲ.

ಮತ್ತೆ ಕರೆದರು. ಭಟ್ಟರನ್ನು ಕರೆತಂದು ಅವರಿಂದಲೂ ಕರೆಸಿದರು. ಮುಚ್ಚಳ ಅಲುಗಲಿಲ್ಲ, ಯಾವ ಶಬ್ದವೂ ಬರಲಿಲ್ಲ. ಭೋಜಣ್ಣ ಕಾರು ಅಲ್ಲೇ ಬಿಟ್ಟು ಬಸ್ಸು ಹತ್ತಿ ಬೊಂಬಾಯಿಗೆ ಹೋದ. ಸಾಯುವ ತನಕ ತನ್ನ ಆ ಕೂಗು ಅವನ ಕಿವಿಯಿಂದ ಹೋಗಲಿಲ್ಲವಂತೆ. ಗಿರಿಜಕ್ಕ ಈಗಲೂ ಅಮಾಸೆಗೊಮ್ಮೆ ದೀಪ ಹಿಡಿದು ಮರದ ಬುಡಕ್ಕೆ ಹೋಗುತ್ತಾಳೆ. ಹೆಸರು ಕರೆದು, ಹಿಂದೆ ನೋಡದೆ ನಡೆದು ಬರುತ್ತಾಳೆ. ಒಬ್ಬಳೇ ಬರುತ್ತಾಳೆ.

ಕಾರು ಇನ್ನೂ ಇದೆ. ಚಕ್ರ ಯಾರೋ ಬಿಚ್ಚಿಕೊಂಡು ಹೋದರು. ನಮ್ಮ ಕಡಲಗಾಳಿ ಬಿಡುತ್ತದಾ, ತಗಡೆಲ್ಲ ತುಕ್ಕು ತಿಂದು ಮುಟ್ಟಿದರೆ ಉದುರುತ್ತದೆ. ಆ ಮುಚ್ಚಳದ ಒಳಮೈಯಲ್ಲಿ ಮಾತ್ರ, ಒಂದು ತೆಂಗಿನಕಾಯಿ ಹೋಳಿನಷ್ಟು ಜಾಗಕ್ಕೆ ತುಕ್ಕು ಹಿಡಿದಿಲ್ಲ. ದುಂಡಗೆ, ಕಪ್ಪಗೆ ಮಿಂಚುತ್ತದೆ. ಸುಳ್ಳು ಅನ್ನುವವರು ನಾಳೆ ಬೆಳಕಿನಲ್ಲೇ ಹೋಗಿ ಬೆರಳಿಟ್ಟು ಕಾಣಿ. ಎಣ್ಣೆ ಹತ್ತುತ್ತದೆ.