ಹತ್ತನೇ ನಿಮಿಷದ ಅಂಕ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಸಹೋದ್ಯೋಗಿಗಳೇ, ಮೊದಲ ಸಾಲಿನಲ್ಲಿ ಕುಳಿತಿರುವ ನನ್ನ ಅಕ್ಕನೇ, ಸಭಿಕರೇ,

ಎರಡೇ ಮಾತು ಎಂದು ಎದ್ದ ಅಧ್ಯಕ್ಷರು ನಲವತ್ತು ನಿಮಿಷ ತೆಗೆದುಕೊಂಡರು. ಈ ಸಭಾಂಗಣದಲ್ಲಿ ವೇಗವಾಗಿರುವುದು ನಮ್ಮ ಚಿಪ್ ಒಂದೇ ಎಂದು ಕಾಣುತ್ತದೆ. ನಕ್ಕಿರಿ, ಸಂತೋಷ. ಅಕ್ಕ ನಗಲಿಲ್ಲ. ಅವಳಿಗೆ ಕಿವಿ ಕೇಳುವುದಿಲ್ಲ. ನಾವಾಡುವ ಮಾತನ್ನು ಅವಳ ಕೈಯಲ್ಲಿರುವ ಫೋನ್ ಅಕ್ಷರ ಮಾಡಿ ತೋರಿಸುತ್ತದೆ, ಅವಳು ಓದಿಕೊಳ್ಳುತ್ತಾಳೆ. ಆ ಫೋನಿನೊಳಗಿರುವುದು ನೀವು ಇವತ್ತು ಹೊಗಳುತ್ತಿರುವ ಇದೇ ಚಿಪ್.

ವರ್ಷದ ಅತಿ ವೇಗದ ಚಿಪ್ ಎಂದು ಪರೀಕ್ಷಿಸಿ ಹೇಳಿದ್ದಕ್ಕೆ ನನಗೆ ಈ ಸನ್ಮಾನ. ನಾನು ಮಾಡಿದ್ದೇನು ಗೊತ್ತೆ? ಫೋನನ್ನು ಅಲ್ಯೂಮಿನಿಯಂ ತಟ್ಟೆಯ ಮೇಲಿಟ್ಟೆ, ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ, ಎರಡು ನಿಮಿಷ ಓಡಿಸಿದೆ, ಬಂದ ವೇಗದ ಅಂಕ ಬರೆದುಕೊಂಡೆ. ಜನರ ಕೈಯಲ್ಲಿ ಫ್ಯಾನ್ ಇರುವುದಿಲ್ಲ. ಅಲ್ಲಿ ಚಿಪ್ ಬಿಸಿಯೇರುತ್ತದೆ, ಸುಟ್ಟುಹೋಗಬಾರದೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹತ್ತನೇ ನಿಮಿಷಕ್ಕೆ ಅರ್ಧಕ್ಕಿಂತ ಕಡಿಮೆ. ಅದನ್ನೂ ಬರೆಯೋಣ ಎಂದಾಗ ಮಾರಾಟ ವಿಭಾಗದವರು, "ಅಯ್ಯೋ ಬಿಡಿ ಸಾರ್, ಹತ್ತು ನಿಮಿಷ ಯಾರು ನೋಡ್ತಾರೆ?" ಅಂದರು.

ಯಾರು ನೋಡುತ್ತಾರೆ? ನನ್ನ ಅಕ್ಕ ನೋಡುತ್ತಾಳೆ. ಹೋದ ತಿಂಗಳು ಡಾಕ್ಟರ ಮುಂದೆ ಕುಳಿತು ನೋಡಿದಳು. ಫೋನ್ ಬಿಸಿಯಾಗಿ ಅಕ್ಷರಗಳು ಮಾತಿಗಿಂತ ಹಿಂದೆ ಬಿದ್ದವು. ಡಾಕ್ಟರು "ಈ ಇಂಜೆಕ್ಷನ್ ನಿಮಗೆ ಒಗ್ಗುತ್ತಾ?" ಎಂದು ಕೇಳಿದಾಗ, ಪರದೆಯ ಮೇಲೆ ಇನ್ನೂ "ನಿದ್ದೆ ಚೆನ್ನಾಗಿ ಬರುತ್ತಾ?" ಎಂದೇ ಇತ್ತಂತೆ. ಅಕ್ಕ ಹೂಂ ಎಂದು ತಲೆಯಾಡಿಸಿದಳು. ಚುಚ್ಚಿದ ಇಂಜೆಕ್ಷನ್ ಒಗ್ಗದೆ ಮೂರು ದಿನ ಆಕ್ಸಿಜನ್ ಹಾಕಿಸಿಕೊಂಡು ಮಲಗಿದಳು. ಎದ್ದ ಮೇಲೆ ನನ್ನನ್ನು ಬೈದಳೇ? ಇಲ್ಲ. "ನಾನೇ ಓದೋದು ನಿಧಾನ ಕಣೋ" ಅಂದಳು. ನನಗೆ ಅಕ್ಷರ ಕಲಿಸಿದವಳು ಅವಳು. ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

ಸಿಟ್ಟು ಯಾರ ಮೇಲೆ? ಮಾರಾಟ ವಿಭಾಗದ ಮೇಲೆ ಇದೆ, ಅಧ್ಯಕ್ಷರ ಮೇಲೂ ಇದೆ. ಆದರೆ ವರದಿಯ ಕೆಳಗಿರುವ ಸಹಿ ನನ್ನದು. "ಇದಕ್ಕಿಂತ ಜೋರು ಇನ್ನೊಂದಿಲ್ಲ ಕಣಕ್ಕಾ" ಎಂದು ಆ ಫೋನನ್ನು ಅವಳ ಕೈಗಿಟ್ಟವನೂ ನಾನೇ. ಸಹಿಯ ವಿಷಯ ಅವಳಿಗೆ ಇವತ್ತಿನವರೆಗೆ ಹೇಳಿಲ್ಲ, ಬಾಯಿ ಬರಲಿಲ್ಲ. ಈ ಫಲಕ ನನಗೆ ಬೇಡ, ಇಲ್ಲೇ ಇಡುತ್ತೇನೆ. ಹತ್ತನೇ ನಿಮಿಷದ ಅಂಕ ನಾಳೆ ಬೆಳಿಗ್ಗೆ ನನ್ನ ಹೆಸರಿನಲ್ಲೇ ಹೊರಗೆ ಬರುತ್ತದೆ. ಬೇಕಾದರೆ ಕೆಲಸದಿಂದ ತೆಗೆಯಿರಿ.

ನೋಡಿ, ಅಕ್ಕ ಈಗ ನಗುತ್ತಿದ್ದಾಳೆ. ಅಧ್ಯಕ್ಷರ ನಲವತ್ತು ನಿಮಿಷದ ಬಗ್ಗೆ ನಾನಾಡಿದ ತಮಾಷೆ ಈಗ ಅವಳಿಗೆ ಮುಟ್ಟಿದೆ. ಮಿಕ್ಕಿದ್ದು ಇನ್ನೂ ದಾರಿಯಲ್ಲಿದೆ. ನನ್ನ ಸಹಿಯ ವಿಷಯವನ್ನು ಅವಳು ಓದುವಾಗ ನಾನು ಇಲ್ಲೇ, ಅವಳ ಕಣ್ಣೆದುರಿಗೆ ನಿಂತಿರಬೇಕು.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆ, ನಮಸ್ಕಾರ. ಈ ನಮಸ್ಕಾರ ಅಕ್ಕನಿಗೆ ತಲುಪುವ ತನಕ ದಯವಿಟ್ಟು ಯಾರೂ ಏಳಬೇಡಿ.